ಕೆಮ್ಮು ಕೇಳುವ ಪಂಢರಿನಾಥರು

ಕೆಮ್ಮಿನ ಸದ್ದಿನಿಂದಲೇ ಕ್ಷಯವನ್ನು ಗುರುತಿಸುವ ಕೃತಕ ಬುದ್ಧಿಯ ಆ್ಯಪ್ ಮೊಬೈಲಿಗೆ ಬಂದಾಗಿನಿಂದ ಧಾರವಾಡದ ಪಂಢರಿನಾಥರು ಯಾರನ್ನೂ ನೆಮ್ಮದಿಯಾಗಿ ಉಸಿರಾಡಲು ಬಿಟ್ಟಿಲ್ಲ. ಸಂಗೀತ ಸಭೆಯಲ್ಲಿ ಗಾಯಕರು ಗಂಟಲು ಸರಿಪಡಿಸಿಕೊಂಡರೆ ಸಾಕು, ಮೊದಲ ಸಾಲಿನಿಂದ ಮೊಬೈಲು ಚಾಚುತ್ತಾರೆ. ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು "ಒಮ್ಮೆ ಕೆಮ್ಮರಿ" ಎಂಬ ಉಪಚಾರ. ಪರದೆ ಹಸಿರಾದರೆ "ಪಾಸಾದ್ರಿ!" ಎಂದು ಬೆನ್ನು ತಟ್ಟುತ್ತಾರೆ, ಕೆಂಪಾದರೆ "ಮಷಿನ್ ಎಂದೂ ಸುಳ್ಳು ಹೇಳೂದಿಲ್ಲರಿ, ಲಗೂ ದವಾಖಾನಿಗೆ ಹೋಗ್ರಿ" ಎಂದು ಸಾಗಹಾಕುತ್ತಾರೆ. ಮೊನ್ನೆ ಅಂಗಳದಲ್ಲಿ ಹೂ ಕಟ್ಟುತ್ತಿದ್ದ ಹೆಂಡತಿ ಮಂದಾಕಿನಿಬಾಯಿ ಕೆಮ್ಮಿದಾಗಲೂ ಚಾಳಿಯಂತೆ ಮೊಬೈಲು ಹಿಡಿದರು. ಪರದೆ ಕೆಂಪಾಯಿತು. "ಹುಚ್ಚ ಮಷಿನ್, ಇದಕ್ಕೇನು ತಿಳೀತದ! ಒಗ್ಗರಣಿ ಘಾಟಿಗೆ ಕೆಮ್ಮು ಬಂದದ, ಅಷ್ಟ" ಎಂದರು. "ಗ್ಯಾಸ್ ಇನ್ನೂ ಹಚ್ಚೇ ಇಲ್ಲಲ್ರೀ!" ಎಂದು ಆಕೆ ನಗುವಷ್ಟರಲ್ಲಿ ಪಂಢರಿನಾಥರು ಆಕೆಯ ಕೈ ಹಿಡಿದು, ಬರಿಗಾಲಲ್ಲೇ ಬೀದಿಗಿಳಿದು, ದವಾಖಾನೆಗೆ ಆಟೋ ಕೂಗುತ್ತಿದ್ದರು.