ಹಕಾರದ ಮೇಷ್ಟ್ರ ಗಂಟಲು

ನಮ್ಮ ಕಾಲೇಜಿನಲ್ಲಿ ನಾನು ಅಣಕಿಸದ ದನಿ ಇರಲಿಲ್ಲ. ಪ್ರಿನ್ಸಿಪಾಲರ ಕೆಮ್ಮು, ಲೈಬ್ರರಿಯವರ ಆಕಳಿಕೆ, ಹನೂರು ಬಸ್ಸಿನ ಕಂಡಕ್ಟರನ ‘ರೈಟ್ ರೈಟ್’, ಸೆಮಿನಾರಿನಲ್ಲಿ ಎದ್ದು ನಿಂತು ಬೆವರುವ ನನ್ನದೇ ತೊದಲು. ಆದರೆ ಎಲ್ಲರೂ ಪೀಡಿಸಿ ಮಾಡಿಸುತ್ತಿದ್ದದ್ದು ಕನ್ನಡ ಮೇಷ್ಟ್ರದ್ದು.

ಕೊಳ್ಳೇಗಾಲದ ಈ ಕಾಲೇಜಿಗೆ ಬರುವವರು ಯಳಂದೂರು, ಹನೂರು, ಕೌದಳ್ಳಿ, ಮಧುವನಹಳ್ಳಿ ಕಡೆಯವರು. ನಮ್ಮ ಬಾಯಿಗೂ ಹಕಾರಕ್ಕೂ ಆಗಿಬರುವುದಿಲ್ಲ. ಹಾಲು ಆಲು, ಹಣ್ಣು ಅಣ್ಣು, ಹನೂರೇ ಅನೂರು. ಮೇಷ್ಟ್ರೂ ಯಳಂದೂರು ಕಡೆಯವರೇ, ಆದರೆ ಅವರ ಬಾಯಿಂದ ಹಕಾರ ಜಾರಿದ್ದನ್ನು ಯಾರೂ ಕೇಳಿರಲಿಲ್ಲ. ಯಾರಾದರೂ “ಓಯ್ತೀನಿ ಸಾ” ಅಂದರೆ ಮುಗಿಯಿತು. ತೆಳ್ಳನೆಯ ಕಾಗದದ ಚೂರೊಂದನ್ನು ಅವನ ಬಾಯಿಯ ಮುಂದೆ ಹಿಡಿದು, “ಹೋಗು ಅನ್ನಯ್ಯಾ. ಕಾಗದ ಅಲ್ಲಾಡಬೇಕು. ಹಕಾರಕ್ಕೆ ಎದೆಯಿಂದ ಉಸಿರು ಕೊಡಬೇಕು, ಜಿಪುಣತನ ಮಾಡಬಾರದು” ಎನ್ನುತ್ತಿದ್ದರು. ನಾನು ಇದನ್ನೇ ಕ್ಯಾಂಟೀನಿನಲ್ಲಿ ಬಸ್ ಟಿಕೆಟ್ ಹಿಡಿದು ಮಾಡುತ್ತಿದ್ದೆ. ಒಮ್ಮೆ ಮೇಷ್ಟ್ರು ನನ್ನ ಬೆನ್ನ ಹಿಂದೆಯೇ ನಿಂತು ಪೂರ್ತಿ ನೋಡಿದರಂತೆ. “ಟಿಕೆಟ್ ಅಲ್ಲಾಡಲಿಲ್ಲವಲ್ಲಯ್ಯಾ” ಅಂದರು, ಟೀ ಲೋಟ ಹಿಡಿದು ಹೊರಟುಹೋದರು.

ಆ ದನಿ ಮೊದಲು ಒಡೆಯಿತು, ಆಮೇಲೆ ಸವೆಯತೊಡಗಿತು. ಶೀತ ಇರಬೇಕು ಅಂದುಕೊಂಡೆವು. ಹೊಸ ಐಟಂ ಸಿಕ್ಕಿತೆಂದು ನಾನು ಕನ್ನಡಿಯ ಮುಂದೆ ಅಭ್ಯಾಸ ಶುರುಮಾಡಿದ್ದೆ. ಅಷ್ಟರಲ್ಲಿ ಒಂದು ಬೆಳಿಗ್ಗೆ ಪ್ರಿನ್ಸಿಪಾಲರು ತರಗತಿಗೆ ಬಂದರು. ಮಾತಿಗೆ ಮುಂಚೆ ಕೆಮ್ಮಲಿಲ್ಲ. ಆಗಲೇ ನನಗೆ ಹೆದರಿಕೆಯಾಯಿತು. ಮೇಷ್ಟ್ರ ಗಂಟಲಿನಲ್ಲಿ ಕ್ಯಾನ್ಸರ್. ಬೇಗ ಗೊತ್ತಾಗಿದೆ, ವಾಸಿಯಾಗುವ ನಂಬಿಕೆ ಇದೆ. ದನಿ ಮಾತ್ರ ಮತ್ತೆ ಬರುತ್ತದೋ ಇಲ್ಲವೋ, ಅದನ್ನು ಡಾಕ್ಟರೂ ಈಗಲೇ ಹೇಳುತ್ತಿಲ್ಲ.

ರೇಡಿಯೇಶನ್ನಿಗೆ ನಮ್ಮ ಕಡೆ ‘ಕರೆಂಟು ಕೊಡಿಸುವುದು’ ಅನ್ನುತ್ತಾರೆ. ಮೇಷ್ಟ್ರು ವಾರಕ್ಕೆ ಐದು ದಿನ ಮೈಸೂರಿಗೆ ಹೋಗಿ ಕರೆಂಟು ಕೊಡಿಸಿಕೊಂಡು ಬರಬೇಕಿತ್ತು. ಕಾರಿದ್ದ ಲೆಕ್ಚರರುಗಳು ಸರದಿಯಂತೆ ಕರೆದೊಯ್ದರು, ಕಾರಿಲ್ಲದವರು ಅವರ ಪಾಠ ಹಂಚಿಕೊಂಡರು. ಹನೂರಿನಿಂದ ಬರುವ ನಮ್ಮ ಅಟೆಂಡರಣ್ಣನಿಗೆ ಮಾತ್ರ ಬೇರೆಯದೇ ಚಿಂತೆ. “ಮದ್ಯದಲ್ಲಿ ಕರೆಂಟು ಓಗ್ಬುಟ್ರೆ ಏನ್ ಮಾಡರು ಸಾ? ಜನ್ರೇಟ್ರು ಗಿನ್ರೇಟ್ರು ಅದಾ ಅಲ್ಲಿ?” ಎಂದು ಪ್ರಿನ್ಸಿಪಾಲರನ್ನೇ ಕೇಳಿದ. ಪ್ರಿನ್ಸಿಪಾಲರು, ಪಾಪ, ಮರುದಿನ ಆಸ್ಪತ್ರೆಯಲ್ಲಿ ಇದನ್ನು ನಿಜವಾಗಿಯೂ ವಿಚಾರಿಸಿ ಬಂದರು.

ಕೆಲವೇ ವಾರಗಳಲ್ಲಿ ಮೇಷ್ಟ್ರಿಗೆ ನುಂಗುವುದು ಕಷ್ಟವಾಯಿತು. ಕೌದಳ್ಳಿಯ ಸಹಪಾಠಿಯೊಬ್ಬಳ ಅವ್ವ ರಾಗಿ ಅಂಬಲಿಯನ್ನು ಬಟ್ಟೆಯಲ್ಲಿ ಸೋಸಿ, ಆರಿಸಿ, ಫ್ಲಾಸ್ಕಿಗೆ ತುಂಬಿ ಬೆಳಗಿನ ಬಸ್ಸಿಗೆ ಕೊಡುತ್ತಿದ್ದರು. ಸ್ಟ್ಯಾಂಡಿನಿಂದ ಅದನ್ನು ಮೇಷ್ಟ್ರ ಮನೆಗೆ ಮುಟ್ಟಿಸುವ ಕೆಲಸ ನನ್ನದು. ಆದಷ್ಟೂ ಮಾತಾಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಮೇಷ್ಟ್ರು ಮೌನವ್ರತದ ಹಾಗೆ ಹಿಡಿದಿದ್ದರು. ಪಕ್ಕದಲ್ಲಿ ಸ್ಲೇಟು, ಬಳಪ. ಬಂದವರು “ಎಂಗಿದ್ದರಿ ಸಾ?” ಎಂದು ಕೇಳಿ, ನಾಲಿಗೆ ಕಚ್ಚಿಕೊಂಡು, “ಚೆಂದಾಗಿದ್ದರಿ ಬುಡಿ” ಎಂದು ತಾವೇ ಉತ್ತರ ಕೊಟ್ಟುಕೊಂಡು ಹೋಗುತ್ತಿದ್ದರು.

ಕರೆಂಟು ಕೊಡುವುದು ಮುಗಿದ ದಿನ ಒಂದು ಫ್ಲೆಕ್ಸ್ ಮಾಡಿಸಿ ಕೊಡೋಣವೆಂದು ತರಗತಿಯವರೆಲ್ಲ ತೀರ್ಮಾನಿಸಿದೆವು. ಬಾಯಿ ಜೋರಿರುವವನಿಗೆ ಬರವಣಿಗೆಯೂ ಬರುತ್ತದೆಂಬ ತಪ್ಪು ತಿಳಿವಳಿಕೆಯಿಂದ ಒಕ್ಕಣೆ ನನಗೆ ಬಿತ್ತು. ಎಲ್ಲರೂ ಓದಿದರು, ತಲೆಯಾಡಿಸಿದರು. ಪ್ರಿಂಟಾಯಿತು. ಮೇಷ್ಟ್ರ ಹಜಾರದಲ್ಲಿ ಇಬ್ಬರು ಎರಡು ತುದಿ ಹಿಡಿದು ಬಿಡಿಸಿದರು: ‘ಗುರುಗಳೇ, ನಮ್ಮೆಲ್ಲರ ಆರೈಕೆ ಸದಾ ನಿಮ್ಮ ಮೇಲಿದೆ.’

ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಮಗೂ ಕಣ್ಣು ತುಂಬಿತು. ಅಮ್ಮಾವ್ರು, ಅಂದರೆ ಮೇಷ್ಟ್ರ ಹೆಂಡತಿ, ಒಳಗಿನಿಂದ ಓಡಿ ಬಂದು ಮುಖ ನೋಡಿ, “ಅಯ್ಯೋ, ನಗ್ತಾವ್ರೆ ಕಣ್ರಪ್ಪ!” ಅಂದರು. ಸದ್ದಿಲ್ಲದ ನಗೆ. ಮೇಷ್ಟ್ರು ಬಳಪ ತೆಗೆದುಕೊಂಡು ಬರೆದರು: ‘ಹಾರೈಕೆ ಆಗಬೇಕಿತ್ತು. ಆದರೆ ನೀವು ಮಾಡಿದ್ದು ಇದನ್ನೇ. ಪದ ತಪ್ಪು, ಅರ್ಥ ಸರಿ. ಅರ್ಧ ಅಂಕ.’

“ಗ್ರೇಸ್ ಕೊಡಿ ಸಾ,” ಎಂದು ಹಿಂದಿನಿಂದ ಯಾರೋ ಅಂದರು. ಮೇಷ್ಟ್ರು ಸ್ಲೇಟು ಎತ್ತಿ ಹೊಡೆಯುವ ಹಾಗೆ ಮಾಡಿದರು.

ಗಂಟಲು ಮಾಯಲು ಕಾಲ ಬೇಕಿತ್ತು. ಮುಂದೆ ತಪಾಸಣೆಗೆ ಕರೆದ ದಿನ ಕಾರು ಪ್ರಿನ್ಸಿಪಾಲರದ್ದು, ಜೊತೆಗೆ ಅಮ್ಮಾವ್ರು ಮತ್ತು ನಾನು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರು, “ಈಗ ಗಂಟಲಲ್ಲಿ ಏನೂ ಕಾಣಿಸ್ತಿಲ್ಲ. ಚೊಕ್ಕಟವಾಗಿದೆ. ಇನ್ನು ಮೆಲ್ಲಗೆ ಮಾತಾಡಬಹುದು. ಎಲ್ಲಿ, ಏನಾದ್ರೂ ಹೇಳಿ” ಅಂದರು. ಅಮ್ಮಾವ್ರು ಗೋಡೆಗೆ ಒರಗಿಕೊಂಡರು. ಪ್ರಿನ್ಸಿಪಾಲರಿಗೆ ಕೆಮ್ಮು ವಾಪಸು ಬಂತು. ಮೇಷ್ಟ್ರು ಡಾಕ್ಟರಿಗೆ ಕೈ ಮುಗಿದರು. ಬಾಯಿ ಮಾತ್ರ ತೆರೆಯಲಿಲ್ಲ.

ಕಾರಿನಲ್ಲೂ ತೆರೆಯಲಿಲ್ಲ. ನರಸೀಪುರ ಬಂದರೂ ಕಿಟಕಿಯಾಚೆ ನೋಡುತ್ತ ಕೂತಿದ್ದರು. “ಒಂದ್ ಮಾತಾಡ್ರಿ,” ಎಂದು ಅಮ್ಮಾವ್ರು ಕೇಳಿದರೆ ತಲೆ ಅಲ್ಲಾಡಿಸಿದರು. ನನಗೆ ಆಗ ಅರ್ಥವಾಯಿತು. ಬಾಯಿ ಬಿಡದಿರುವಷ್ಟು ಹೊತ್ತು ದನಿ ಒಳಗೆಲ್ಲೋ ಇದೆ ಎಂದುಕೊಳ್ಳಬಹುದು. ಬಿಟ್ಟಾಗ ಏನೂ ಬರದಿದ್ದರೆ?

“ಯಾರ್ದಾರ ದನಿ ಮಾಡಪ್ಪ ನೀನಾದ್ರೂವಿ. ಕಾರು ಸತ್ತ್ ಮನೆ ಇದ್ದಂಗದ,” ಅಂದರು ಅಮ್ಮಾವ್ರು.

ನಾನು ಪ್ರಿನ್ಸಿಪಾಲರದ್ದು ಮಾಡಿದೆ. ಕೆಮ್ಮು, ಆಮೇಲೆ “ಇದನ್ನ ಮೀಟಿಂಗಲ್ಲಿಡೋಣ”.

“ನಾನಿಲ್ಲೇ ಇದೀನಿ ಕಣಯ್ಯಾ. ಸ್ಟೇರಿಂಗು ನನ್ನ ಕೈಲೇ ಇದೆ,” ಅಂದರು ಪ್ರಿನ್ಸಿಪಾಲರು.

“ಇವ್ರ್‌ದು ಮಾಡು,” ಎಂದು ಅಮ್ಮಾವ್ರು ಮುಂದಿನ ಸೀಟು ತೋರಿಸಿದರು. ನಾನು ಹಿಂದೆಮುಂದೆ ನೋಡಿದೆ. ಆದರೂ ಕಿಸೆಯಲ್ಲಿದ್ದ ಪೆಟ್ರೋಲ್ ಬಂಕಿನ ಚೀಟಿ ತೆಗೆದು ಬಾಯಿಯ ಮುಂದೆ ಹಿಡಿದು, “ಹ್ಹೋಗು ಅನ್ನಯ್ಯಾ! ಹ್ಹಕಾರಕ್ಕೆ ಎದೆಯಿಂದ ಉಸಿರು ಕೊಡು! ಹ್ಹೊಟ್ಟೆಯಿಂದ ಕೊಡು! ಸಾಲದಿದ್ದರೆ ಪಕ್ಕದವನ ಹ್ಹೊಟ್ಟೆಯಿಂದ...”

ಮುಂದಿನ ಸೀಟಿನಿಂದ ತುಕ್ಕು ಹಿಡಿದ ಷಟರ್ ಎತ್ತಿದಂಥ ಸದ್ದು ಬಂತು.

“ನಾ ಯಾವಾಗ್ಲಾ ಅಂಗಂದಿ?”

ಪ್ರಿನ್ಸಿಪಾಲರು ಬ್ರೇಕ್ ಒತ್ತಿದರು. ಹಿಂದಿನ ಬಸ್ಸಿನ ಡ್ರೈವರು ಹಾರನ್ ಹೊಡೆದು, ನಮ್ಮ ವಂಶವನ್ನೆಲ್ಲ ಬಯ್ದುಕೊಂಡು ಮುಂದೆ ಹೋದ. ಮೇಷ್ಟ್ರು ಗಂಟಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಆಮೇಲೆ ಸಾವಕಾಶ, ತಿದ್ದಿಕೊಂಡರು.

“ಹಂಗಂದೆ. ಅಲ್ಲ. ಹಾಗೆ... ಅಂದೆ.”

“ಅಂಗೇ ಅನ್ನಿ! ಎಂಗಾರ ಅನ್ನಿ!” ಅಮ್ಮಾವ್ರು ಸೆರಗಿನಲ್ಲಿ ಮುಖ ಒತ್ತಿಕೊಂಡು, ಅದರೊಳಗಿನಿಂದಲೇ ನಗುತ್ತಿದ್ದರು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು, ಅದು ಕೊಳೆಯಾಗಿರಲಿಲ್ಲ. ನಾನು ಬಂಕಿನ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡೆ.

ಹಳೆಯ ದನಿಯಲ್ಲ ಅದು. ದಪ್ಪವಾಗಿತ್ತು, ಅಲ್ಲಲ್ಲಿ ತರಿತರಿ. ಆದರೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಅದು ನಿಲ್ಲುತ್ತದೋ ಇಲ್ಲವೋ ಎಂದು ನೋಡುವವರಂತೆ ಮೇಷ್ಟ್ರು ರಸ್ತೆಯ ಪಕ್ಕದ ಬೋರ್ಡುಗಳನ್ನೆಲ್ಲ ಓದತೊಡಗಿದರು: ಗೊಬ್ಬರದ ಅಂಗಡಿ, ಟೈಲರ್, ಕೋಳಿ ಅಂಗಡಿ, ಹಾಲಿನ ಡೈರಿ. ಮೂಗೂರಿನ ಹತ್ತಿರ ‘ಇಲ್ಲಿ ಪಂಚರ್ ಆಕಲಾಗುವುದು’ ಎಂದಿತ್ತು.

“ನಿಲ್ಲಿಸಿ ಸಾರ್ ಕಾರು,” ಅಂದರು ಮೇಷ್ಟ್ರು.

ಪ್ರಿನ್ಸಿಪಾಲರು ಇನ್ನಷ್ಟು ಜೋರಾಗಿ ಓಡಿಸಿದರು.

“ಸಾಕು ಬಾಯ್ಮುಚ್ಕ ಕೂತ್ಕಳಿ! ಮೆಲ್ಲುಗ್ ಮಾತಾಡಿ ಅಂದಿಲ್ವಾ ಡಾಕ್ಟ್ರು?” ಎಂದು ಅಮ್ಮಾವ್ರು ಹಿಂದಿನಿಂದ ಗದರಿದರು.

ಮೇಷ್ಟ್ರು ದನಿ ತಗ್ಗಿಸಿ ಮುಂದಿನ ಬೋರ್ಡು ಓದಿದರು.