ನಾಲ್ಕನೇ ಮಹಡಿಯ ಹೆಂಗಸು

ಹೊಲಿಗೆ ಯಂತ್ರ ತಯಾರಿಸುವ ಆ ಕಂಪನಿಯ ಕಚೇರಿಯಲ್ಲಿ ಅವಳಿಗೆ ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಕಥೆಯಮ್ಮ ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಐವತ್ತಾರು ದಾಟಿದ ಮೇಲೆ ಅಡ್ಡಹೆಸರಿಗಾಗಿ ಮುಖ ಗಂಟು ಹಾಕಿಕೊಳ್ಳುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ. ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಬಂದು, ಎರಡನೇ ಮಹಡಿಯ ಮೆಟ್ಟಿಲು ಹತ್ತಿ, ಕುರ್ಚಿಗೆ ಬೆನ್ನು ಕೊಡುವಷ್ಟರಲ್ಲಿ ಅರ್ಧ ದಿನದ ಜೀವ ಹೋಗಿರುತ್ತಿತ್ತು.

ಕಥೆ ಹೇಳುವುದು ಅವಳ ಕೆಲಸವಾಗಿರಲಿಲ್ಲ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಅವಳು ದೂರು ವಿಭಾಗಕ್ಕೆ ಸೇರಿದ್ದು ಗಿರಾಕಿಗಳ ಕಾಗದ ಓದುವುದಕ್ಕೆ. ಮೂಲೆಯ ಕೋಣೆ, ಒಂದೇ ಕಿಟಕಿ, ಗೋಡೆಗೆ ಹೊಂದಿಸಿದ ಮರದ ಗೂಡುಗಳು. ಒಂದೊಂದು ಗೂಡಿಗೂ ಒಂದೊಂದು ಚೀಟಿ: ಸೂಜಿ, ದಾರ, ಪೆಡಲು, ಬೆಲ್ಟು, ಇತರೆ. ಬಂದ ಕಾಗದ ಓದಿ, ಯಾವುದಕ್ಕೆ ಸೇರುತ್ತದೋ ಆ ಗೂಡಿಗೆ ಹಾಕಿ, ತಿಂಗಳ ಕೊನೆಗೆ ಎಣಿಸಿ ಪಟ್ಟಿ ಮಾಡಬೇಕು. ಎಣಿಕೆ ಬೇಗ ಮುಗಿಯುತ್ತಿತ್ತು. ಓದು ಮಾತ್ರ ಮುಗಿಯುತ್ತಿರಲಿಲ್ಲ. ಜನ ಹೊಲಿಗೆ ಯಂತ್ರದ ನೆಪದಲ್ಲಿ ಇಡೀ ಸಂಸಾರವನ್ನೇ ಬರೆಯುತ್ತಿದ್ದರು. ಬೆಲ್ಟು ಕಿತ್ತುಹೋದ ದಿನವೇ ಅತ್ತೆ ಜಾರಿ ಬಿದ್ದದ್ದು, ಮಗಳ ಮದುವೆಯ ರವಿಕೆ ಅರ್ಧಕ್ಕೆ ನಿಂತದ್ದು, ಎಲ್ಲವೂ ಅದರಲ್ಲಿರುತ್ತಿತ್ತು. ಅವಳು ಊಟದ ಹೊತ್ತಿನಲ್ಲೂ ಓದುತ್ತಿದ್ದಳು.

ಹೀಗೆ ಇಪ್ಪತ್ತೆರಡು ವರ್ಷ ಕಳೆಯಿತು. ಒಂದು ದಿನ ಅವಳ ಮೇಲಧಿಕಾರಿ ಹಲ್ಲುನೋವೆಂದು ರಜೆ ಹಾಕಿದ್ದರಿಂದ ವರ್ಷದ ದೊಡ್ಡ ಸಭೆಗೆ ಅವಳೇ ಹೋಗಬೇಕಾಯಿತು. ಮಧ್ಯಾಹ್ನದ ಊಟ ಮುಗಿದಿತ್ತು. ಪರದೆಯ ಮೇಲೆ ಒಂದರ ಹಿಂದೊಂದು ನಕ್ಷೆಗಳು ಏರುತ್ತಿದ್ದವು, ಇಳಿಯುತ್ತಿದ್ದವು. ಮೇಜಿನ ಸುತ್ತ ಕೂತವರ ರೆಪ್ಪೆಗಳು ಬರೀ ಇಳಿಯುತ್ತಿದ್ದವು. ಆಗಿನ ದೊಡ್ಡ ಸಾಹೇಬರು ಅವಳ ಕಡೆ ತಿರುಗಿ, ಗಿರಾಕಿಗಳಿಗೆ ಏನು ಬೇಕಂತೆ ಎಂದು ಕೇಳಿದರು. ಅವಳ ಕೈಯಲ್ಲಿ ಹನ್ನೊಂದು ಪುಟದ ಪಟ್ಟಿಯಿತ್ತು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಎದುರಿಗಿದ್ದವರು ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸಿದರು. ಅವಳಿಗೆ ಒಳಗೊಳಗೇ ಅವಮಾನವಾಯಿತು. ಪಟ್ಟಿ ಮಡಚಿಟ್ಟಳು.

"ಒಬ್ಬ ಹೆಂಗಸು ಕಾಗದ ಬರ್ದಿದಾರೆ," ಎಂದು ಶುರು ಮಾಡಿದಳು. "ನಾಲ್ಕನೇ ಮಹಡೀಲಿ ಮನೆ. ಲಿಫ್ಟ್ ಇಲ್ಲ. ನಮ್ಮ ಮೆಷಿನ್ನನ್ನ ಮಗೂನ ಎತ್ಕೊಂಡ ಹಾಗೆ ಸೊಂಟದ ಮೇಲೆ ಇಟ್ಕೊಂಡು ಹತ್ತಿದಾರೆ. ಎರಡು ಕಡೆ ಮೆಟ್ಟಿಲ ಮೇಲೆ ಕೂತು ಸುಧಾರಿಸ್ಕೊಂಡ್ರಂತೆ."

ಆಕಳಿಸಿದವರು ಕೈ ಇಳಿಸಿದರು. ಸಾಹೇಬರು ಮುಂದೆ ಬಾಗಿದರು. ಅವರ ತಾಯಿಯೂ ಹೊಲಿಗೆ ಮಾಡಿಯೇ ಅವರನ್ನು ಓದಿಸಿದ್ದರೆಂಬುದು ಆಮೇಲೆ ಗೊತ್ತಾಯಿತು. ಸಭೆ ಮುಗಿಯುವ ಮೊದಲೇ ಕಂಪನಿಯ ದಿಕ್ಕು ನಿರ್ಧಾರವಾಗಿ ಹೋಯಿತು. ಇನ್ನು ಮುಂದೆ ಹಗುರವಾದ ಯಂತ್ರ. ಯಾವುದೇ ಚರ್ಚೆ ಬಂದರೂ ಒಂದೇ ಪ್ರಶ್ನೆ: ಆ ನಾಲ್ಕನೇ ಮಹಡಿಯ ಹೆಂಗಸು ಇದಕ್ಕೆ ಏನು ಹೇಳ್ತಾಳೆ? ಚಿತ್ರಗಾರನಿಂದ ಆ ಹೆಂಗಸಿನ ಚಿತ್ರ ಬರೆಸಿ ಮುಂಬಾಗಿಲ ಗೋಡೆಗೆ ಹಾಕಿದರು. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ಆ ಕಥೆ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ ಆ ಹೆಂಗಸು ಮೊದಲು ಬಸುರಿಯಾದಳು, ಆಮೇಲೆ ವಿಧವೆಯಾದಳು.

ಇವಳಿಗೂ ದೂರು ವಿಭಾಗದ ಮೇಲಿನ ಕುರ್ಚಿ ಸಿಕ್ಕಿತು. ಅದರ ಜೊತೆಗೆ ಕಾಟವೂ ಬಂತು. ಬಣ್ಣ ಬದಲಾಯಿಸಬೇಕೆಂದವರು, ಅಂಗಡಿ ಮುಚ್ಚಬೇಕೆಂದವರು, ತೆರೆಯಬೇಕೆಂದವರು, ಎಲ್ಲರೂ ಅವಳ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮೇಡಂ, ಇದಕ್ಕೊಂದು ಕಥೆ ಇದ್ಯಾ? ಹುಡುಕಿದರೆ ಸಿಗುತ್ತಿತ್ತು. ಗೂಡುಗಳಲ್ಲಿ ಸಾವಿರಾರು ಜನರಿದ್ದರು. ಯಾರಿಗೆ ಬೇಕಾದರೂ, ಯಾವುದಕ್ಕೆ ಬೇಕಾದರೂ ಒಬ್ಬರು ಒದಗುತ್ತಿದ್ದರು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಆರಿಸಿ ಕೊಡುತ್ತಿದ್ದಳು, ಅಷ್ಟೆ.

ಯಂತ್ರ ಹಗುರವಾಗಬೇಕಾದರೆ ಕಬ್ಬಿಣ ಹೋಗಬೇಕು, ಕಬ್ಬಿಣ ಹೋದರೆ ಎರಕದ ವಿಭಾಗವೂ ಹೋಗಬೇಕು. ಒಂದೂವರೆ ವರ್ಷದಲ್ಲಿ ಅದನ್ನು ಮುಚ್ಚಿದರು. ನಲವತ್ತು ಜನ ಹೊರಗೆ ಬಂದರು. ಅವರಲ್ಲಿ ಅವಳ ಭಾವನೂ ಒಬ್ಬ. ಅಕ್ಕನ ಗಂಡ; ಇವಳಿಗೆ ಈ ಕೆಲಸದ ಸುದ್ದಿ ಮುಟ್ಟಿಸಿ, ಮೊದಲ ದಿನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಗೇಟಿನವರೆಗೆ ಬಿಟ್ಟಿದ್ದವನು. ಕೈ ತುಂಬ ಸುಟ್ಟ ಕಲೆ. ಮರಳಿನ ಅಚ್ಚನ್ನು ಬೆರಳಲ್ಲಿ ಮುಟ್ಟಿಯೇ ತೇವ ಹೇಳಬಲ್ಲವನು. ಅವನು ಜಗಳಕ್ಕೆ ಬರಲಿಲ್ಲ. ಒಮ್ಮೆ ಮಾತ್ರ, ಅವಳು ಮನೆಗೆ ಹೋಗಿದ್ದಾಗ, ಚಹಾದ ಲೋಟ ನೋಡುತ್ತ ಕೇಳಿದ.

"ಆ ಹೆಂಗಸು ನಿಜವಾಗ್ಲೂ ಇದಾಳಾ?"

"ಇದಾಳೆ ಭಾವ."

"ಹಾಗಾದ್ರೆ ಸರಿ," ಎಂದ. ಆಮೇಲೆ ಒಂದು ಶಾಲೆಯ ಗೇಟು ಕಾಯುವ ಕೆಲಸ ಹಿಡಿದ.

ಹಗುರ ಯಂತ್ರ ಎರಡು ವರ್ಷ ಚೆನ್ನಾಗಿ ಹೋಯಿತು. ಮೂರನೇ ವರ್ಷದಿಂದ ರಿಪೇರಿ ಕಿಟಕಿಗಳ ಮುಂದೆ ಸಾಲು ಬೆಳೆಯಿತು. ಕಾರ್ಖಾನೆಯ ಹಿಂಬದಿಯ ರಸ್ತೆಗೆ ಮುಖ ಮಾಡಿದ ಮೂರು ಕಿಟಕಿಗಳವು. ಒಂದೊಂದರ ಹಿಂದೆಯೂ ಒಬ್ಬ ಮೇಸ್ತ್ರಿ. ಒಂದು ಬೆಳಿಗ್ಗೆ ಅವಳು ದೂರಿನ ಕಾರ್ಡುಗಳನ್ನು ತೆಗೆದುಕೊಂಡು ಹೋಗಲು ಕೆಳಗಿಳಿದಾಗ ಮೊದಲ ಕಿಟಕಿಯ ಮುಂದೆ ನರೆಗೂದಲಿನ ಹೆಂಗಸೊಬ್ಬಳು ಯಂತ್ರ ಇಟ್ಟುಕೊಂಡು ನಿಂತಿದ್ದಳು. ಕಾರ್ಡಿನ ಮೇಲಿನ ವಿಳಾಸವನ್ನು ಇವಳು ಎರಡು ಸಲ ಓದಿದಳು: ನಾಲ್ಕನೇ ಮಹಡಿ. ಆ ವಿಳಾಸ ಅವಳಿಗೆ ಬಾಯಿಪಾಠವಾಗಿತ್ತು.

ಮುಂಚೆ ನಮಗೊಂದು ಕಾಗದ ಬರೆದಿದ್ದಿರಾ ಎಂದು ಕೇಳಿದಳು.

"ಬರ್ದಿದ್ದೆ. ಉತ್ತರಾನೂ ಬಂತು. ಹೊಸ ಮೆಷಿನ್ ಹಗುರ ಇದೆ, ತಗೊಳ್ಳಿ ಅಂತ. ತಗೊಂಡೆ."

"ಈಗ ಹೊರೋದಕ್ಕೆ ಸಲೀಸಾ?"

"ಹೊರೋದಾ?" ಆ ಹೆಂಗಸಿಗೆ ಅರ್ಥವಾಗಲಿಲ್ಲ. "ಮನೆ ಬದಲಾಯಿಸಿದಾಗ ಒಂದು ಸಲ ಹೊತ್ತಿದ್ದೆ. ಅದನ್ನೇನು ದಿನಾ ಹೊರ್ತಾರಾ? ನಾನು ಬರ್ದಿದ್ದು ದಾರ ಹರಿಯತ್ತೆ ಅಂತ. ಅದು ದಿನಾ ಹರಿಯತ್ತೆ. ಇದರಲ್ಲೂ ಹರಿಯತ್ತೆ. ಜೊತೆಗೆ ಇದು ಮೇಜಿನ ಮೇಲೆ ನಡೆದಾಡತ್ತೆ ಬೇರೆ. ಎರಡು ಇಟ್ಟಿಗೆ ಕಟ್ಟಿದೀನಿ."

ಮೇಸ್ತ್ರಿ ಯಂತ್ರವನ್ನು ಬೆಳಕಿಗೆ ಹಿಡಿದ. ದಾರ ಹಾದುಹೋಗುವ ತೂತಿನ ಅಂಚು ಒರಟಾಗಿತ್ತು. ಉಜ್ಜುವ ಉಪ್ಪುಕಾಗದವನ್ನು ಬತ್ತಿಯಂತೆ ಹೊಸೆದು ತೂತಿನೊಳಗೆ ತೂರಿಸಿ ನಾಲ್ಕು ಸಲ ಎಳೆದ. ಐದು ನಿಮಿಷವೂ ಹಿಡಿಯಲಿಲ್ಲ. ಬಟ್ಟೆಯ ಮೇಲೆ ಒಂದು ಉದ್ದ ಹೊಲಿಗೆ ಹಾಕಿ ತೋರಿಸಿದ, ದಾರ ಹರಿಯಲಿಲ್ಲ. ಹೆಂಗಸು ಬಟ್ಟೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ, ಇಷ್ಟೇನಾ ಎಂದಳು. ಹಳೇ ಮೆಷಿನ್ನಿನಲ್ಲೂ ಇದೇ ತುಂಡು, ಇದೇ ತೊಂದರೆ, ಅಚ್ಚಿನ ದೋಷ, ನಾವು ದಿನಾ ಉಜ್ಜುತ್ತಿರುತ್ತೇವೆ ಎಂದ ಮೇಸ್ತ್ರಿ. ಯಾರಿಗಾದರೂ ಹೇಳಿದಿರಾ ಎಂದು ಇವಳು ಕೇಳಿದಳು. ಕಾರ್ಡಿನ ಮೇಲೆ ಬರೆದೇ ಬರೆಯುತ್ತೇವಲ್ಲ ಎಂದ. ಹೌದು, ಬರೆದಿದ್ದರು. ಅವಳೇ ಎಣಿಸಿ 'ದಾರ' ಎಂಬ ಗೂಡಿಗೆ ಹಾಕಿದ್ದಳು.

ಆ ಭಾನುವಾರ ಅಕ್ಕನ ಮನೆಗೆ ಹೋದಳು. ಹೇಳಬಾರದೆಂದುಕೊಂಡೇ ಹೋಗಿ, ಹೇಳಿಬಿಟ್ಟಳು. ಭಾವ ಕಿಟಕಿಯ ಬಳಿ ಕೂತು ಚಪ್ಪಲಿಯ ಪಟ್ಟಿ ಹೊಲಿಯುತ್ತಿದ್ದ. ಕೈ ನಿಂತಿತು.

"ಉಪ್ಪುಕಾಗದ ಸಾಕಿತ್ತಾ?"

"ಸಾಕಿತ್ತು."

ಅವನು ಸೂಜಿಯನ್ನು ಪಟ್ಟಿಗೆ ಚುಚ್ಚಿಟ್ಟ. "ನನಗ್ಯಾಕೆ ಹೇಳಿದೆ? ಹೊತ್ತವಳು ಒಬ್ಬಳಿದಾಳೆ, ಅವಳ ಸೊಂಟ ಉಳೀತು ಅಂದ್ಕೊಂಡು ನೆಮ್ಮದಿಯಾಗಿದ್ದೆ," ಎಂದ. ಅಕ್ಕ ಒಳಗಿನಿಂದ ಬಂದು ಇಬ್ಬರ ಮುಖವನ್ನೂ ನೋಡಿ ಮತ್ತೆ ಒಳಗೆ ಹೋದಳು. ಆಮೇಲೆ ಭಾವ ಎಂದಿನಂತೆಯೇ ಮಾತಾಡಿದ. ಬಸ್ ನಿಲ್ದಾಣದವರೆಗೆ ಜೊತೆಗೆ ಮಾತ್ರ ಬರಲಿಲ್ಲ. ಅಷ್ಟು ವರ್ಷದಲ್ಲಿ ಅದು ಮೊದಲ ಸಲ.

ಇದಾಗಿ ಎರಡು ವರ್ಷಕ್ಕೆ ಹೊಸ ಸಾಹೇಬರು ಬಂದರು. ಮೆತ್ತನೆಯ ಮಾತಿನ ಮನುಷ್ಯ. ಅವಳನ್ನು ಕರೆದು ಕೂರಿಸಿ, ಮೂರೂ ರಿಪೇರಿ ಕಿಟಕಿಗಳನ್ನು ಮುಚ್ಚಿ, ದೂರುಗಳನ್ನು ಫೋನಿನಲ್ಲೇ ಬಗೆಹರಿಸುವ ಏರ್ಪಾಡಾಗುತ್ತಿದೆ ಎಂದರು. ನಿರ್ಧಾರವಾಗಿತ್ತು. ಮುಂದಿನ ವಾರದ ಸಭೆ ಒಪ್ಪಬೇಕಿತ್ತು, ಅಷ್ಟೆ.

"ಅಂಕಿಗಳು ನನ್ನ ಹತ್ರ ಇವೆ. ಆದ್ರೆ ಅಂಕಿ ನೋಡಿ ಯಾರೂ ಕೈ ಎತ್ತಲ್ಲ. ನಿಮ್ಮ ನಾಲ್ಕನೇ ಮಹಡಿ ಹೆಂಗಸಿನ ಥರದ್ದು ಒಂದು ಬೇಕು. ಕಿಟಕಿ ಮುಂದೆ ಕಾದು ಕಾದು ಬೇಜಾರಾಗಿ ಹೋದವರು ಯಾರಾದ್ರೂ ಇರ್ತಾರಲ್ಲ?"

"ಇರ್ತಾರೆ," ಎಂದಳು.

ಅವಳನ್ನು ಸುಸ್ತು ಮಾಡಿದ್ದು ಅದೇ. ಇದ್ದೇ ಇರುತ್ತಾರೆ. ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಳು. ಯಾರೋ ಫೈಲು ಹಿಡಿದು ಹೋಗುವವರು, ಮೇಡಂ ಆರಾಮಾ ಎಂದು ಕೇಳಿದರು. ಮಂಡಿ ನೋವು ಎಂದಳು.

ಮಾರನೆಯ ದಿನದಿಂದ ಆರು ದಿನ ಅವಳು ಕಿಟಕಿಗಳ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತಳು. ಬಂದವರೆಲ್ಲರನ್ನೂ ಬರೆದುಕೊಂಡಳು. ಏನು ತೊಂದರೆ, ಎಷ್ಟು ಹೊತ್ತು ಕಾದರು, ಏನಾಯಿತು. ನೂರ ಎಂಬತ್ತೇಳು ಜನ. ಮೂರನೇ ದಿನ ಮಧ್ಯಾಹ್ನ ಒಬ್ಬ ಮುದುಕ ಬಂದ. ನಾಲ್ಕು ಗಂಟೆ ಸೈಕಲ್ ತುಳಿದಿದ್ದ. ತೀರಿಹೋದ ಹೆಂಡತಿಯ ಯಂತ್ರ, ಮೊಮ್ಮಗಳಿಗೆ ಕೊಡಬೇಕು. ಮೇಸ್ತ್ರಿ ಅದನ್ನು ಓಡುವಂತೆ ಮಾಡಿದಾಗ ಅವನು ಕಿಟಕಿಯ ಕಟ್ಟೆ ಹಿಡಿದುಕೊಂಡು ಅತ್ತುಬಿಟ್ಟ. ಅದೇ ಮಧ್ಯಾಹ್ನ ಪುಟ್ಟ ಕೂಸನ್ನು ಕಟ್ಟಿಕೊಂಡ ಒಬ್ಬ ಹುಡುಗಿ ಮೂರು ಗಂಟೆ ಸಾಲಿನಲ್ಲಿ ನಿಂತು, ಸರದಿ ಬರುವ ಹೊತ್ತಿಗೆ ಆ ದಿನದ ಮಟ್ಟಿಗೆ ಕಿಟಕಿ ಮುಚ್ಚಿದ್ದರಿಂದ ಬಾಯಿಗೆ ಬಂದಂತೆ ಬೈದು ಹೋದಳು. ಮುದುಕನ ಕಥೆ ಹೇಳಿದರೆ ಕಿಟಕಿ ಉಳಿಯುತ್ತದೆ, ಹುಡುಗಿಯ ಕಥೆ ಹೇಳಿದರೆ ಮುಚ್ಚುತ್ತದೆ. ಎರಡೂ ನಿಜ. ಎರಡನ್ನೂ ಹೇಗೆ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅವಳ ನಾಲಿಗೆಗೆ ಆಗಲೇ ಗೊತ್ತಿತ್ತು. ಅದು ಗೊತ್ತಿದ್ದುದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಉಳಿದ ನೂರ ಎಂಬತ್ತೈದು ಜನ ಬಂದರು, ಕಾದರು, ಹೋದರು. ಅವರಲ್ಲಿ ಎಪ್ಪತ್ತೊಂದು ಮಂದಿಯದು ದಾರದ ತೊಂದರೆ.

ಸಭೆಯಲ್ಲಿ ಅವಳು ಎದ್ದು ನಿಂತು ಪಟ್ಟಿ ಓದಿದಳು. ಮೊದಲ ದಿನ ಮೊದಲನೆಯವರು, ದಾರ, ಇಪ್ಪತ್ತು ನಿಮಿಷ, ಸರಿಯಾಯಿತು. ಎರಡನೆಯವರು, ಪೆಡಲು, ಒಂದು ಗಂಟೆ, ನಾಳೆ ಬನ್ನಿ. ಹೀಗೆ ಒಬ್ಬೊಬ್ಬರಾಗಿ. ಐವತ್ತು ದಾಟುವ ಹೊತ್ತಿಗೆ ಯಾರೋ ಫೋನು ನೋಡತೊಡಗಿದರು. ಹೊಸ ಸಾಹೇಬರು ಮೆತ್ತಗೆ, ಮೇಡಂ, ಒಟ್ಟಿನಲ್ಲಿ ಏನು ಹೇಳ್ತೀರಿ ಎಂದರು.

ಅವಳು ಕನ್ನಡಕ ತೆಗೆದಳು.

"ಹನ್ನೊಂದು ವರ್ಷದ ಹಿಂದೆ ಇದೇ ಮೇಜಿನ ಮುಂದೆ ನಾನೊಂದು ಹೇಳಿದ್ದೆ. ಅದು ಸುಳ್ಳಲ್ಲ. ಆದ್ರೆ ಆ ಹೆಂಗಸು ಕಾಗದ ಬರ್ದಿದ್ದು ದಾರ ಹರಿಯತ್ತೆ ಅಂತ. ಮೆಷಿನ್ ಹೊತ್ತ ವಿಷ್ಯ ಒಂದೇ ಸಾಲು, ಕೊನೇಲಿ. ಸೊಂಟದ ಮೇಲೆ ಅಂತ ಆಕೆ ಬರ್ದೇ ಇರ್ಲಿಲ್ಲ, ಅದು ನಾನು ಸೇರ್ಸಿದ್ದು. ದಾರದ ವಿಷ್ಯ ಬಿಟ್ಟೆ, ಕೇಳೋದಕ್ಕೆ ಚೆನ್ನಾಗಿರ್ಲಿಲ್ಲ ಅಂತ. ಅದನ್ನ ನಂಬ್ಕೊಂಡು ನೀವು ಎರಕದ ವಿಭಾಗ ಮುಚ್ಚಿದ್ರಿ. ಈ ಸಲ ಪೂರ್ತಿ ಪಟ್ಟಿ ತಂದಿದೀನಿ. ಒಟ್ಟಿನಲ್ಲಿ ಏನು ಅಂತ ನನಗೆ ಗೊತ್ತಿಲ್ಲ. ನೀವೇ ಒಂದು ದಿನ ಹೋಗಿ ಕೂತ್ಕೊಳ್ಳಿ."

ಮಾರಾಟ ವಿಭಾಗದವರು ತಲೆದೂಗಿ, ಇದೂ ಒಳ್ಳೇ ಕಥೆನೇ ಎಂದರು. ಕೆಲವರು ನಕ್ಕರು. ಅವಳು ಕೂತಳು.

ಯಾರೂ ಹೋಗಿ ಕೂರಲಿಲ್ಲ. ಆದರೆ ಉತ್ಪಾದನೆಯ ಮುಖ್ಯಸ್ಥರು, ಅಷ್ಟೇನೂ ಮಾತಾಡದ ಮನುಷ್ಯ, ಮರುದಿನ ಅವಳ ಕೋಣೆಗೆ ಬಂದು ಯಾವ ತೂತು ಎಂದು ಕೇಳಿದರು. ಅವಳು ಅವರನ್ನು ಮೇಸ್ತ್ರಿಯ ಬಳಿ ಕರೆದುಕೊಂಡು ಹೋದಳು. ಎರಡು ತಿಂಗಳಲ್ಲಿ ಅಚ್ಚು ತಿದ್ದಿದರು. ದಾರದ ಗೂಡು ನಿಧಾನವಾಗಿ ಖಾಲಿಯಾಗುತ್ತ ಬಂತು. ಕಿಟಕಿಗಳಲ್ಲಿ ಎರಡನ್ನು ಮುಚ್ಚಿ ಒಂದನ್ನು ಉಳಿಸಿಕೊಂಡರು. ಅದು ತನ್ನ ಮಾತಿನಿಂದಾಯಿತೋ, ಸಾಹೇಬರ ಮನಸ್ಸಿನಲ್ಲಿ ಮೊದಲೇ ಇತ್ತೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ. ಕಥೆ ಕೇಳಿಕೊಂಡು ಅವಳ ಬಾಗಿಲಿಗೆ ಬರುವವರು ಮಾತ್ರ ಕಡಿಮೆಯಾದರು. ಆ ಕೆಲಸಕ್ಕೆ ಹೊರಗಿನಿಂದ ಒಬ್ಬರನ್ನು ತಂದು ಕೂರಿಸಿದರು.

ನಿವೃತ್ತಿಯ ದಿನ ಊಟದ ಕೋಣೆಯಲ್ಲಿ ಕುರ್ಚಿ ಹಾಕಿಸಿದ್ದರು. ಸಾಹೇಬರು ಮೈಕು ಹಿಡಿದು, ಮೇಡಂ ಒಬ್ಬರೇ ಆರು ದಿನ ಬಿಸಿಲಲ್ಲಿ ಕೂತು ಕಿಟಕಿಗಳನ್ನು ಉಳಿಸಿದರು ಎಂದು ಹೇಳಿದರು. ಚೆನ್ನಾಗಿಯೇ ಹೇಳಿದರು. ಅವಳು ಕೂತದ್ದು ನೆರಳಲ್ಲಿ. ಮುಚ್ಚಿದ ಎರಡು ಕಿಟಕಿಗಳ ಮೇಸ್ತ್ರಿಗಳು ಅಲ್ಲಿರಲಿಲ್ಲ. ಮೈಕು ಅವಳ ಕೈಗೆ ಬಂದಾಗ, "ಮೂರು ಕಿಟಕಿ ಇದ್ವು. ಈಗ ಒಂದಿದೆ," ಎಂದಷ್ಟೇ ಹೇಳಿ ಕೂತಳು. ಅದಕ್ಕೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದಾಗ ಗಂಡ ಬಾಗಿಲು ತೆರೆದು, ಕೈಯಲ್ಲಿದ್ದ ಹೂವಿನ ಗುಚ್ಛ ತೆಗೆದುಕೊಂಡು, ಹೇಗಾಯ್ತು, ಏನೇನು ಮಾತಾಡಿದ್ರು ಎಂದು ಕೇಳಿದ. ಅವನಿಗೆ ಅವಳ ಬಾಯಲ್ಲಿ ಕಚೇರಿಯ ಸುದ್ದಿ ಕೇಳುವುದೆಂದರೆ ಇಷ್ಟ. ಅವಳು ಕಾಲು ಚಾಚಿ ಕೂತಳು. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ಸುಮಾರು ಹೊತ್ತು ಮಾತಾಡಿದ್ರು," ಎಂದಳು. "ನಾಳೆ ಹೇಳ್ತೀನಿ."