ಬಾಯಮ್ಮ ಬದಲಿಸಿದ ಕೊನೆ

ಬಾಯಮ್ಮನ ಬಲಗೈ ಹೆಬ್ಬೆರಳು ಯಾವಾಗಲೂ ಕಂದಾಗಿರುತ್ತಿತ್ತು. ನಶ್ಯದ ಕಲೆ. ಆ ಬೆರಳನ್ನೇ ನಾಲಿಗೆಗೆ ಒತ್ತಿ ಪುಟ ಮಗುಚುತ್ತಿದ್ದರು. ಹಾಗಾಗಿ ನಮ್ಮೂರ ಗ್ರಂಥಾಲಯದ ಒಂದೇ ಒಂದು ಕನ್ನಡ ಕಪಾಟಿನಲ್ಲಿ ಅವರು ಓದಿ ಮುಗಿಸಿದ ಪತ್ತೇದಾರಿ ಕಾದಂಬರಿಗಳನ್ನು ದೂರದಿಂದಲೇ ಗುರುತಿಸಬಹುದಿತ್ತು. ಹಾಳೆಗಳ ಮೂಲೆಯೆಲ್ಲ ಕಂದು. ಮುಖದ ಹತ್ತಿರ ಹಿಡಿದರೆ ಸೀನು ಬರುತ್ತಿತ್ತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದೇ ಪುಸ್ತಕವನ್ನು ಒಯ್ಯುವವರು ಎದುರು ಸಿಕ್ಕಿದರೆ ಕೊಲೆಗಾರ ಯಾರೆಂದು ರಸ್ತೆಯಲ್ಲೇ ಹೇಳಿಬಿಡುತ್ತಿದ್ದರು.

"ಆ ಡಾಕ್ಟರನೇ ಮಾರಾಯ ಕೊಂದದ್ದು. ಸುಮ್ಮನೆ ಯಾಕೆ ಕಣ್ಣು ಹಾಳು ಮಾಡಿಕೊಳ್ಳುತ್ತೀ?"

ನನ್ನ ಹೈಸ್ಕೂಲಿನ ದಿನಗಳಲ್ಲಿ ಒಂದೇ ಒಂದು ಕಾದಂಬರಿಯನ್ನೂ ಕುತೂಹಲ ಉಳಿಸಿಕೊಂಡು ಓದಲು ಅವರು ಬಿಟ್ಟದ್ದಿಲ್ಲ.

ಅವರದು ನಮ್ಮ ನೆರೆಮನೆ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯ ಯಜಮಾನಿಯನ್ನು ತುಳುವರಾದ ನಾವು ಬಾಯಮ್ಮ ಎಂದು ಕರೆಯುವುದು ವಾಡಿಕೆ. ಆ ಕರೆಯಲ್ಲಿ ಒಂದು ಗೌರವ ಉಂಟು. ಅದಕ್ಕೆ ತಕ್ಕ ನಡತೆ ನಾನು ಅವರಲ್ಲಿ ಕಾಣಲಿಲ್ಲ. ನಮ್ಮ ಕೋಳಿ ಅವರ ಕಂಪೌಂಡಿಗೆ ಹಾರಿದರೆ ಕುಂಟುತ್ತಾ ಹಿಂದೆ ಬರುತ್ತಿತ್ತು. ನಮ್ಮ ಹಂಚಿನ ಮಾಡಿನ ನೀರು ಅವರ ಬದಿಗೆ ಬೀಳುತ್ತದೆಂದು ಪ್ರತಿ ಮಳೆಗಾಲ ಪಂಚಾಯತಿಗೆ ದೂರು ಕೊಡುತ್ತಿದ್ದರು. ನಾನು ಮಂಗಳೂರಿನಲ್ಲಿ ಚರಿತ್ರೆಯ ಎಂಎ ಮುಗಿಸಿ ಬಂದ ಮೇಲಂತೂ ನನ್ನ ಹೆಸರೇ ಅವರ ಬಾಯಿಂದ ಮಾಯವಾಯಿತು.

"ಏ ಎಂಎ, ನಿಮ್ಮ ದನ ನನ್ನ ಬಾಳೆ ತಿಂದದ್ದು ಯಾವ ಚರಿತ್ರೆಯಲ್ಲಿ ಉಂಟು? ಸ್ವಲ್ಪ ಓದಿ ಹೇಳು."

ಅವರನ್ನು ನಾನು ಪ್ರೀತಿಸಲಿಲ್ಲ, ಅವರೂ ನನ್ನನ್ನು ಪ್ರೀತಿಸಲಿಲ್ಲ. ಆದರೆ ನಾನು ಬರೆದ ಏಕೈಕ ಕಾದಂಬರಿಯ ಕೊನೆ ನನ್ನದಲ್ಲ, ಅವರದು. ಅದನ್ನು ಹೇಳದೆ ನನಗೆ ನೆಮ್ಮದಿಯಿಲ್ಲ.

ಬಾಯಮ್ಮನ ಗಂಡ ನಮ್ಮ ಬಾಲ್ಯದಲ್ಲೇ ಇಲ್ಲವಾಗಿದ್ದರು. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಗಾಳ ಹಾಕುವ ಹುಚ್ಚು ಅವರಿಗೆ. ಒಂದು ಬೆಳಗ್ಗೆ ಸಣ್ಣ ದೋಣಿಯಲ್ಲಿ ಒಬ್ಬರೇ ಹೋದವರು ಹಿಂದೆ ಬರಲಿಲ್ಲ. ದೋಣಿ ಮಗುಚಿಕೊಂಡು ಅಳಿವೆಯ ಮರಳಿಗೆ ತಾಗಿತ್ತು. ಹೆಣ ಸಿಗಲಿಲ್ಲ. ಸಮುದ್ರ ಒಯ್ದಿತು ಎಂದು ಊರು ತೀರ್ಮಾನಿಸಿತು. ಮಗಳು ನನ್ನ ತರಗತಿಯವಳು; ಆಮೇಲೆ ಕನ್ನಡ ಶಾಲೆಯ ಟೀಚರಾದಳು, ಇದೇ ಊರಿಗೆ ಮದುವೆಯಾದಳು. "ನನ್ನ ಅಪ್ಪನನ್ನು ಸಮುದ್ರ ತೆಗೆದುಕೊಂಡದ್ದು" ಎಂದು ಅವಳು ಒಂದನೇ ತರಗತಿಯಲ್ಲಿ ಹೆಮ್ಮೆಯಿಂದ ಹೇಳಿದಾಗ ನನಗೆ ಹೊಟ್ಟೆಕಿಚ್ಚಾದದ್ದು ನೆನಪುಂಟು. ನನ್ನ ಅಪ್ಪ ಬದಿಯಡ್ಕದ ಅಡಕೆ ಅಂಗಡಿಯಲ್ಲಿ ತೂಕ ನೋಡುತ್ತಿದ್ದರು, ಅವರನ್ನು ಯಾರೂ ತೆಗೆದುಕೊಂಡಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಊರು ಬಾಯಮ್ಮನನ್ನು ಕ್ಷಮಿಸಲಿಲ್ಲ. ಅವರ ಪೈಕಿಯಲ್ಲಿ ಸತ್ತವರ ಆತ್ಮಕ್ಕೆ ತಿಂಗಳಿಗೊಂದು, ವರ್ಷಕ್ಕೊಂದು ಎಂದು ಇಗರ್ಜಿಯಲ್ಲಿ ಪೂಜೆ ಹೇಳಿಸುವುದುಂಟು. ನವೆಂಬರಿನಲ್ಲಿ ತೀರಿಹೋದವರಿಗಾಗಿ ಮನೆಮನೆಯವರೂ ಹೆಸರು ಕೊಡುತ್ತಾರೆ. ಬಾಯಮ್ಮ ಅತ್ತೆಮಾವನ ಹೆಸರು ಕೊಡುತ್ತಿದ್ದರು. ಗಂಡನದ್ದನ್ನು ಒಮ್ಮೆಯೂ ಕೊಡಲಿಲ್ಲ. ಕಲ್ಲಿನಂಥ ಹೆಂಗಸು ಎಂದು ಅವರ ಜನರೇ ನಮ್ಮ ಜಗಲಿಯಲ್ಲಿ ಕೂತು ಹೇಳಿ ಹೋಗುತ್ತಿದ್ದರು. ನನಗೆ ಅದು ಆಶ್ಚರ್ಯವಾಗಲಿಲ್ಲ. ಕೋಳಿಗೆ ಕಲ್ಲು ಹೊಡೆಯುವವರು ಗಂಡನಿಗೆ ಪೂಜೆ ಹೇಳಿಸದಿದ್ದರೆ ಅದರಲ್ಲೇನು ವಿಶೇಷ?

ಕೆಲವು ವರ್ಷಗಳ ಹಿಂದೆ ಕಾಸರಗೋಡಿನಿಂದ ಹೊರಡುವ ಸಣ್ಣ ವಾರಪತ್ರಿಕೆಯೊಂದರಲ್ಲಿ ನನ್ನ ಧಾರಾವಾಹಿ ಶುರುವಾಯಿತು. ಕಡಲ ದಡದ ಒಂದು ಪುಟ್ಟ ಊರು, ಎಲ್ಲರ ಮನೆಯಲ್ಲೂ ಒಂದೊಂದು ಗುಟ್ಟು, ಮಗುಚಿದ ಒಂದು ದೋಣಿ. ನಿಧಾನವಾಗಿ ಬಿಚ್ಚಿಕೊಳ್ಳುವ ಕತೆ. ದೋಣಿಯನ್ನು ಎಲ್ಲಿಂದ ತಂದೆನೆಂದು ಊರಿಗೆ ಗೊತ್ತಿತ್ತು. ಉಳಿದದ್ದೆಲ್ಲ ನನ್ನ ಕಲ್ಪನೆ. ಪತ್ರಿಕೆ ಶುಕ್ರವಾರ ಬರುತ್ತಿತ್ತು. ನಾನು ಅಚ್ಚಿನ ತಪ್ಪು ನೋಡುವ ಮೊದಲೇ ಗೋಡೆಯಾಚೆಯಿಂದ ವಿಮರ್ಶೆ ಕೇಳುತ್ತಿತ್ತು.

"ಏ ಎಂಎ, ನಾಲ್ಕು ವಾರ ಆಯಿತು, ಇನ್ನೂ ಒಂದು ಹೆಣ ಬೀಳಲಿಲ್ಲ. ಎಂತ ಕಾಯುವುದು? ಬಸ್ಸಾ?"

"ಓದದಿದ್ದರಾಯಿತು ಬಾಯಮ್ಮ."

"ಓದದಿದ್ದರೆ ನಿನ್ನನ್ನು ಬೈಯುವುದು ಹೇಗೆ?"

ಮುಳುಗಿದವನ ಕಂತು ಅಚ್ಚಾದ ವಾರ ಅವರು ಗೋಡೆಯ ಹತ್ತಿರ ಬಂದು ನಿಂತರು. ಮುಖ ಕೆಂಪಾಗಿತ್ತು. ದೋಣಿಯನ್ನು ಹಗ್ಗ ಕಟ್ಟಿ ಎಳೆಯುವಾಗ ಇಗರ್ಜಿಯ ಗಂಟೆ ನಿಂತು ನಿಂತು ಬಾರಿಸಿತು ಎಂದು ಬರೆದಿದ್ದೆ.

"ಯಾವ ಗಂಟೆ ಹೊಡೆದರು ನಿನಗೆ? ಹೆಣ ಸಿಗದವನಿಗೆ ಯಾರು ಗಂಟೆ ಹೊಡೆಯುತ್ತಾರೆ?"

"ನಾನು ಕೇಳಿದ್ದೇನೆ. ಅಪ್ಪನ ಹೆಗಲ ಮೇಲೆ ಕೂತು ದೋಣಿ ಎಳೆಯುವುದನ್ನೂ ನೋಡಿದ್ದೇನೆ."

"ನೀನಾ? ಆವತ್ತು ನೀನು ಮೈತುಂಬ ಸಿಡುಬು ಎದ್ದು ಬಾಳೆಎಲೆಯ ಮೇಲೆ ಬಿದ್ದುಕೊಂಡಿದ್ದಿ. ನಿನ್ನಿಂದಲೇ ನನ್ನ ಮಗಳಿಗೆ ಹತ್ತಿದ್ದು. ಅವಳ ಹಣೆಯ ಕಲೆ ಇವತ್ತಿಗೂ ಉಂಟು, ಹೋಗಿ ನೋಡು."

ನಾನು ನಕ್ಕು ಒಳಗೆ ಬಂದೆ. ಅಮ್ಮನನ್ನು ಕೇಳಿದೆ. "ಸಿಡುಬು ಬಂದದ್ದು ಹೌದು. ಅದೇ ವಾರವಾ, ಮುಂದಿನ ವಾರವಾ ಯಾರಿಗೆ ಗೊತ್ತು?" ಎಂದರು. ಸಾಕ್ಷಿಗಳನ್ನು ನಂಬಬೇಡಿ, ದಾಖಲೆ ಕೇಳಿ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ನನ್ನದೇ ಸಾಕ್ಷ್ಯವನ್ನು ಒಮ್ಮೆಯೂ ಪ್ರಶ್ನಿಸಿರಲಿಲ್ಲ. ಅಪ್ಪನ ಹೆಗಲು, ಒದ್ದೆ ಹಗ್ಗ, ಗಂಟೆಯ ಸದ್ದು ಎಲ್ಲ ನಾನು ಕಂಡು ಕೇಳಿದ್ದೋ, ಜಗಲಿಯ ಮಾತಿನಿಂದ ಹೆಕ್ಕಿ ಜೋಡಿಸಿದ್ದೋ? ಬಾಯಮ್ಮನೂ ಪೂರ್ತಿ ನಂಬುವಂಥವರಲ್ಲ. ದೋಣಿಗೆ ನೀಲಿ ಬಣ್ಣ ಬಳಿದಿತ್ತು ಎಂದು ಅವರು ಹಟ ಹಿಡಿದರೆ, ಅದು ಡಾಮರು ಹಚ್ಚಿದ ಕಪ್ಪು ದೋಣಿ ಎಂದು ಊರಲ್ಲಿ ಉಳಿದವರೆಲ್ಲ ಹೇಳುತ್ತಿದ್ದರು. ಯಾರ ನೆನಪು ಸರಿಯೆಂದು ಇಂದಿಗೂ ನನಗೆ ತಿಳಿಯದು. ಆದರೆ ಸೋತ ಸಿಟ್ಟು ಮಾತ್ರ ನನ್ನದೇ. ಅದನ್ನು ತೀರಿಸಿಕೊಳ್ಳಲು ಮರುದಿನ ಗೋಡೆಯ ಈಚೆಯಿಂದ ಕೂಗಿ ಹೇಳಿದೆ. ಅವರು ನನಗೆ ಅಷ್ಟು ಕಾದಂಬರಿಗಳ ಕೊನೆ ಹೇಳಿದ್ದರಲ್ಲ, ಈಗ ನನ್ನ ಸರದಿ.

"ಕೊನೆ ಹೇಳಲಾ ಬಾಯಮ್ಮ? ಮುಳುಗಿದವನು ಮುಳುಗಲೇ ಇಲ್ಲ. ಕೊನೆಯ ಕಂತಿನಲ್ಲಿ ತಿರುಗಿ ಬರುತ್ತಾನೆ."

ಗೋಡೆಯಾಚೆ ಬಾಗಿಲು ಹಾಕಿದ ಸದ್ದು ಕೇಳಿತು. ಗೆದ್ದೆ ಎಂದುಕೊಂಡೆ.

ಮುಂದಿನ ಭಾನುವಾರ ಇಗರ್ಜಿಯಿಂದ ಬಂದವರೇ ನನ್ನನ್ನು ಕರೆಸಿದರು. ಅಷ್ಟು ವರ್ಷದಲ್ಲಿ ಅವರ ಜಗಲಿ ಹತ್ತಿದ್ದು ಅದೇ ಮೊದಲು. ಕೂತುಕೋ ಎನ್ನಲಿಲ್ಲ.

"ನಿನಗೆ ಯಾರು ಹೇಳಿದ್ದು?"

"ಎಂತದ್ದು?"

"ನಾಟಕ ಬೇಡ. ನನ್ನ ಅಣ್ಣನಾ? ಸಾಯುವ ಮೊದಲು ನಿನ್ನ ಅಪ್ಪನ ಹತ್ತಿರ ಬಾಯಿಬಿಟ್ಟನಾ? ಮುಂಬೈಯಲ್ಲಿ ಆ ಮನುಷ್ಯನನ್ನು ಕಂಡದ್ದು ಅವನೊಬ್ಬನೇ."

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲವೂ ತಿಳಿಯಿತು. "ನನಗೆ ಯಾರೂ ಹೇಳಲಿಲ್ಲ ಬಾಯಮ್ಮ. ಅದು ನಾನು ಕಟ್ಟಿದ ಕತೆ" ಎಂದೆ.

ಅವರು ನನ್ನನ್ನೇ ನೋಡಿದರು. ಕಾದಂಬರಿಯಲ್ಲಿ ಅಪರಾಧಿ ತಾನಾಗಿ ಬಾಯಿಬಿಟ್ಟರೆ "ಇಷ್ಟು ಪೆದ್ದರು ಎಲ್ಲಾದರೂ ಇರುತ್ತಾರಾ" ಎಂದು ಪುಸ್ತಕವನ್ನು ಪಕ್ಕಕ್ಕೆ ಎಸೆಯುವವರು ಅವರು. ನಶ್ಯದ ಡಬ್ಬಿಯ ಮುಚ್ಚಳ ತೆಗೆಯಲು ಎರಡು ಸಲ ನೋಡಿದರು, ಆಗಲಿಲ್ಲ, ಹಾಗೇ ಮಡಿಲಿಗೆ ಹಾಕಿದರು.

ಗಂಡ ಮುಂಬೈಯಲ್ಲಿ ಬೇರೆ ಸಂಸಾರ ಹೂಡಿದ್ದರು. ದೋಣಿಯನ್ನು ಮಗುಚಿ ಬಿಟ್ಟು ರೈಲು ಹತ್ತಿದ್ದರು. ಕೆಲವು ತಿಂಗಳ ಮೇಲೆ ಬಾಯಮ್ಮನ ಅಣ್ಣನಿಗೆ ಅಲ್ಲಿ ಎದುರುಬದುರು ಸಿಕ್ಕಿ, "ಸತ್ತೆ ಅಂತಲೇ ಇರಲಿ" ಎಂದಿದ್ದರಂತೆ. ಇಷ್ಟನ್ನು ಅವರು ನಾಲ್ಕೇ ಮಾತಿನಲ್ಲಿ, ಬೇರೆ ಯಾರದೋ ಕತೆಯಂತೆ ಹೇಳಿದರು.

"ಹಾಗಾದರೆ ಪೂಜೆ ಹೇಳಿಸದೆ ಇದ್ದದ್ದು..."

"ಬದುಕಿದವನ ಆತ್ಮಕ್ಕೆ ಪೂಜೆ ಹೇಳಿಸಲು ನಾನೆಂತ ನಿನ್ನ ಹಾಗೆ ಎಂಎ ಓದಿದ್ದೇನಾ? ಊರಿಗೆ ಸುಳ್ಳು ಹೇಳಬಹುದು. ದೇವರ ಮುಂದೆ ಹೇಳಲಿಕ್ಕೆ ಆಗುವುದಿಲ್ಲ."

ಆಮೇಲೆ ಧ್ವನಿ ತಗ್ಗಿಸಿದರು. ಬೇಡುವ ಧ್ವನಿಯಲ್ಲ, ಬೇಡುವುದು ಅವರಿಗೆ ಬರುತ್ತಿರಲಿಲ್ಲ. "ನನ್ನ ಮಗಳ ಅಪ್ಪ ಒಳ್ಳೆಯವನಾಗಿ ಸತ್ತಿದ್ದಾನೆ. ಬಿಟ್ಟು ಹೋದವನ ಮಗಳಾಗಿ ಅವಳು ಬೆಳೆಯಲಿಲ್ಲ. ಅವಳು ನಿನ್ನ ಕತೆ ವಾರವಾರ ಓದುತ್ತಾಳೆ. ಓದಿ ಯೋಚನೆ ಮಾಡುತ್ತಾಳೆ. ಅವನು ಮುಳುಗಲಿ."

ಈ ಮಾತುಕತೆ ಇದೇ ಕ್ರಮದಲ್ಲಿ ನಡೆಯಿತು ಎಂದು ನಾನು ಪ್ರಮಾಣ ಮಾಡಲಾರೆ. "ಅವನು ಮುಳುಗಲಿ" ಎಂದದ್ದು ಮಾತ್ರ ಖಂಡಿತ.

ನಾನು ಅವನನ್ನು ಮುಳುಗಿಸಿದೆ. ಕೊನೆಯ ಕಂತಿನಲ್ಲಿ ದೂರದ ಬಲೆಯೊಂದಕ್ಕೆ ಹೆಣ ಸಿಕ್ಕಿತು, ಗುಟ್ಟುಗಳೆಲ್ಲ ಹಾಗೇ ಉಳಿದವು. ಪತ್ರಿಕೆಗೆ ಬಂದ ಓದುಗರ ಪ್ರತಿಕ್ರಿಯೆಗಳಲ್ಲಿ ಬೈಗುಳವೇ ಹೆಚ್ಚು. ಅಷ್ಟು ದಿನ ಕಾಯಿಸಿ ಕೊಟ್ಟದ್ದು ಇದಾ ಎಂದು ಮೊಗ್ರಾಲಿನ ಬಸ್ ಸ್ಟಾಪಿನಲ್ಲಿ ಒಬ್ಬ ನನ್ನನ್ನು ತಡೆದು ಕೇಳಿದ. ಒಳ್ಳೆಯ ಕೊನೆಯೊಂದು ನನ್ನ ಕೈಯಲ್ಲಿತ್ತು ಎಂದು ಅವನಿಗೆ ಹೇಳುವ ಹಾಗಿರಲಿಲ್ಲ. ಅದೇ ಶುಕ್ರವಾರ ಗೋಡೆಯಾಚೆಯಿಂದ, ಇಡೀ ಬೀದಿಗೆ ಕೇಳುವ ಹಾಗೆ:

"ಏ ಎಂಎ! ಕೊನೆ ಸಪ್ಪೆ. ಭಾರೀ ಸಪ್ಪೆ."

ಆ ಒಂದು ಮಾತಿಗೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ. ಒಂದು ಧನ್ಯವಾದ ಬೇಡ, ಸುಮ್ಮನಿರಬಹುದಿತ್ತು. ಮರುವಾರ ಮಾಡಿನ ನೀರಿನ ದೂರು ಮತ್ತೆ ಪಂಚಾಯತಿ ಮುಟ್ಟಿತು.

ಕಳೆದ ವರ್ಷ ಅವರಿಗೆ ಉಸಿರಿನ ತೊಂದರೆ ಶುರುವಾಯಿತು. ಮಂಗಳೂರಿಗೆ ಒಯ್ದರು, ಬಂದರು, ಮತ್ತೆ ಒಯ್ದರು. ಒಮ್ಮೆ ಆಂಬುಲೆನ್ಸಿಗೆ ಹತ್ತಿಸಲು ನಾನೂ ಕೈಕೊಟ್ಟೆ. "ಮೆಲ್ಲ ಹಿಡಿ, ನಾನೆಂತ ನಿಮ್ಮ ಕೋಳಿಯಾ?" ಎಂದರು. ನನಗೆ ಹೇಳಿದ ಕೊನೆಯ ಮಾತು ಅದು. ಮಳೆ ಬಿಟ್ಟ ಮೇಲೆ ತೀರಿಕೊಂಡರು.

ಮಣ್ಣಾದ ಮರುವಾರ ಮಗಳು ಮನೆ ಗುಡಿಸಲು ಬಂದವಳು ಗೋಡೆಯ ಹತ್ತಿರ ನಿಂತು ಕರೆದಳು.

"ತಿಂಗಳ ಪೂಜೆಗೆ ಹೆಸರು ಕೊಡಬೇಕು ಮಾರಾಯ. ಅಮ್ಮನ ಜೊತೆಗೆ ಅಪ್ಪನ ಹೆಸರನ್ನೂ ಸೇರಿಸುವುದಾ ಅಂತ ಫಾದರ್ ಕೇಳಿದರು."

ಸತ್ತ ಹೆಂಗಸಿನ ಗುಟ್ಟು ಒಂದು ಕಡೆ. ಬದುಕಿರಬಹುದಾದ ಒಬ್ಬ ಮನುಷ್ಯನಿಗೆ ಮಗಳೇ ಸತ್ತವರ ಪೂಜೆ ಮಾಡಿಸುವುದು ಇನ್ನೊಂದು ಕಡೆ.

"ಸೇರಿಸಿದರೆ ಎಂತ?" ಎಂದೆ, ಕಾಲಬುಡದ ಹುಲ್ಲು ನೋಡುತ್ತಾ.

"ಸುಳ್ಳು ಹೇಳಲು ನಿನಗೆ ಬರುವುದಿಲ್ಲ. ಅದಕ್ಕೇ ನಿನ್ನ ಕಾದಂಬರಿ ಅಷ್ಟು ಕೆಟ್ಟದ್ದು" ಎಂದು ನಕ್ಕಳು. ಥೇಟ್ ಅಮ್ಮನ ನಗು. "ನನ್ನ ಮದುವೆಗೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ಹೆಸರು ಓದಿದರು. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ, ಯಾರದಾದರೂ ತಕರಾರು ಇದ್ದರೆ ಹೇಳಿ ಅಂತ. ಅಪ್ಪ ಇಲ್ಲದಿದ್ದರೆ ದಿವಂಗತ ಅಂತ ಸೇರಿಸಿ ಓದುತ್ತಾರೆ. ನನ್ನ ಅಪ್ಪನ ಹೆಸರಿನ ಮೊದಲು ಅದು ಇರಲಿಲ್ಲ. ಮೊದಲ ವಾರ ಫಾದರ್ ಮರೆತರು ಅಂದುಕೊಂಡೆ. ಮೂರು ವಾರವೂ ಮರೆಯುತ್ತಾರಾ? ಕೇಳಿದೆ. ನಿನ್ನ ಅಮ್ಮನೇ ಹಾಗೆ ಓದಲು ಹೇಳಿದ್ದು ಅಂದರು."

"ಅಮ್ಮನನ್ನು ಕೇಳಲಿಲ್ಲವಾ?"

"ಕೇಳುವುದೆಂತ? ಅಪ್ಪ ಸತ್ತದ್ದು ನನಗಾಗಿ ಅಲ್ವಾ? ಅಮ್ಮ ಅಷ್ಟು ಕಷ್ಟಪಟ್ಟು ಕೊಂದ ಮೇಲೆ ನಾನು ಬದುಕಿಸಿದರೆ ಅವರಿಗೆ ಹೇಗಾಗುತ್ತಿತ್ತು?" ಪೊರಕೆಯನ್ನು ಗೋಡೆಗೆ ಒರಗಿಸಿದಳು. "ನೀನು ಬರೆಯುವುದಾದರೆ ಬರೆ. ಓದಿ ಬೈಯಲು ಅವರಿಲ್ಲ."

ತಿಂಗಳ ಪೂಜೆಗೆ ನಾನೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಪಾದ್ರಿಗಳು ಬಾಯಮ್ಮನ ಹೆಸರು ಓದಿದರು, ಅಷ್ಟಕ್ಕೇ ನಿಲ್ಲಿಸಿದರು. ಹೊರಗೆ ಬರುವಾಗ ಅವರ ಪೈಕಿಯ ಒಬ್ಬ ಮುದುಕಿ ಮಗಳ ಕೈಹಿಡಿದು ನಿಲ್ಲಿಸಿದರು.

"ಅಪ್ಪನ ಹೆಸರು ಕೊಡಲು ಮರೆತಿಯಾ ಮಗಾ?"

"ಇಲ್ಲ, ಮರೆಯಲಿಲ್ಲ" ಎಂದಳು.